ಹನ್ನೊಂದನೆಯ ಮನೆಯ ಗಂಗಾಳ

ಬೆಳ್ಳುಳ್ಳಿ ಸಿಪ್ಪೆ, ಅಜವಾನ ಕೆಂಡದ ಮೇಲೆ ಬಿದ್ದಾಗ ಏಳುವ ಹೊಗೆಯ ವಾಸನೆ ಗಾಳೆಮ್ಮನ ಪಾಲಿಗೆ ಬಾಲ್ಯದ ವಾಸನೆ. ಹಡಗಲಿ ಕಡೆಯ ಕೇರಿಯೊಂದರಲ್ಲಿ ಅವಳ ಅವ್ವ ಒಂದರ ಹಿಂದೆ ಒಂದು ಹೆತ್ತವಳು. ಬಾಣಂತಿ ಕೋಣೆಯಿಂದ ಆ ಹೊಗೆ ಬಂತೆಂದರೆ ಮನೆಗೆ ಹೊಸ ಜೀವ ಬಂದಿದೆ, ಇವತ್ತು ಒಲೆಯ ಮೇಲೆ ಏನೋ ಬಿಸಿಯಾದದ್ದಿದೆ ಎಂದು ಹೊಸ್ತಿಲಲ್ಲಿ ಕುಳಿತ ಹುಡುಗಿಗೆ ಗೊತ್ತಾಗುತ್ತಿತ್ತು.

ಎಂಬತ್ತೇಳನೆಯ ಇಸವಿಯ ಆ ಆಷಾಢದ ಸಂಜೆ ಅದೇ ವಾಸನೆ ಪಕ್ಕದ ದುರುಗಪ್ಪನ ಮನೆಯಿಂದ ಮಳೆಯನ್ನು ದಾಟಿ ಬರುತ್ತಿತ್ತು. ಗಾಳೆಮ್ಮ, ಕೊಟ್ರಬಸಮ್ಮ, ನಾಗಲಿಂಗಮ್ಮ ಮೂವರೂ ನರ್ಸಿಂಗ್ ಕಲಿಯುವ ಹುಡುಗಿಯರು. ಹದಿನೈದು ದಿನದ ಹಳ್ಳಿ ಸೇವೆಗೆಂದು ಹರಪನಹಳ್ಳಿಯಿಂದ ಬಂದವರು. ಮಧ್ಯಾಹ್ನ ದುರುಗಪ್ಪನ ಹೆಂಡತಿಗೆ ಮೂರನೆಯ ಹೆರಿಗೆ ಮಾಡಿಸಿ ಹೊರಡುವಷ್ಟರಲ್ಲಿ ಹಳ್ಳ ತುಂಬಿತು. ಆಚೆ ದಂಡೆಯಲ್ಲಿ ಆರೋಗ್ಯ ಉಪಕೇಂದ್ರ, ಅದರ ಮುಂದೆ ಬಾಗಳಿ ದಾರಿ, ಬಸ್ಸು. ಈಚೆ ಈ ಕೇರಿ. ಕೊನೆಗೆ ಸುಂಕಮ್ಮ ಬಂದು, "ನಿಂತ್ರ ನೀರು ಇಳಿಯಂಗಿಲ್ಲ, ಬರ್ರಿ," ಎಂದು ತನ್ನ ಮನೆಯ ಕಟ್ಟೆಗೆ ಕರೆತಂದಳು. ಅವಳು ಉಪಕೇಂದ್ರದಲ್ಲಿ ಇಪ್ಪತ್ತು ವರ್ಷ ಆಯಾ ಆಗಿದ್ದು ಈಗ ಕೆಲಸ ಬಿಟ್ಟ ಮುದುಕಿ. ಯಾರೂ ಕೇಳದೆಯೇ ಒಣಗಿದ ಮೂರು ಸೀರೆ ತಂದು ಹುಡುಗಿಯರ ಹೆಗಲಿಗೆ ಹೊದಿಸಿದಳು.

ಗಾಳೆಮ್ಮನ ಕಾಲುಗಳು ಕಂಬಿಯಂತಾಗಿದ್ದವು. ಆದರೆ ಅವಳನ್ನು ಕೊರೆಯುತ್ತಿದ್ದದ್ದು ದಣಿವಲ್ಲ. ಹೆರಿಗೆ ಮುಗಿದ ಮೇಲೆ ದುರುಗಪ್ಪನ ತಾಯಿ ಪಕ್ಕೀರಮ್ಮ ರೊಟ್ಟಿ ಹಾಕಿದ ಗಂಗಾಳ ಹಿಡಿದು ಬಂದಿದ್ದಳು. ರೋಗಿಗಳ ಮನೆಯಲ್ಲಿ ಏನೂ ತಿನ್ನಕೂಡದು ಎಂದು ಹಿರಿಯ ಸಿಸ್ಟರ್ ಹೇಳಿ ಕಳಿಸಿದ್ದರು. "ಬ್ಯಾಡಜ್ಜಿ, ನಾವು ಉಣ್ಣಂಗಿಲ್ಲ," ಎಂದುಬಿಟ್ಟಳು ಗಾಳೆಮ್ಮ. ಮುದುಕಿಯ ಕೈಯಲ್ಲಿ ಗಂಗಾಳ ಮೆಲ್ಲಗೆ ಕೆಳಗಿಳಿಯಿತು. ಹಾಗೆ ಇಳಿಯುವುದನ್ನು ಗಾಳೆಮ್ಮ ಚಿಕ್ಕಂದಿನಿಂದ ತನ್ನ ಅವ್ವನ ಕೈಯಲ್ಲೇ ಎಷ್ಟೋ ಸಲ ನೋಡಿದ್ದಳು. ನಾನೂ ನಿಮ್ಮಂಥ ಕೇರಿಯವಳೇ ಎಂದು ಹೇಳಬೇಕಿತ್ತು. ಹೇಳುವಷ್ಟು ತ್ರಾಣ ಇರಲಿಲ್ಲ.

"ಆಯಾ, ಒಂದು ದೆವ್ವದ ಕತಿನಾದ್ರೂ ಹೇಳಬೇ," ಎಂದಳು ಕೊಟ್ರಬಸಮ್ಮ, ಕಂದೀಲಿನ ಹತ್ತಿರ ಸರಿಯುತ್ತ. "ನಿದ್ದಿ ತಡಿಯಾಕ ಆಗವಲ್ದು."

"ನಿನ್ನ ಗೊರಕಿ ಕೇಳಿದ್ರ ಇದ್ದ ದೆವ್ವನೂ ಊರು ಬಿಡ್ತಾವು," ಎಂದು ಸುಂಕಮ್ಮ ಎಲೆಗೆ ಸುಣ್ಣ ಹಚ್ಚಿದಳು. ನಗು ಅಡಗಿದ ಮೇಲೆ ಗಾಳೆಮ್ಮನ ಕಡೆ ನೋಡಿದಳು. "ಹೇಳ್ತೀನಿ. ಯಾರಿಗೂ ಹೇಳಿದ್ದಲ್ಲ. ಇವತ್ತು ಈ ಹುಡುಗಿ ಗಂಗಾಳ ಹಿಂದಕ ಕಳಿಸಿದ್ದು ನೋಡಿದೆ... ಇನ್ನ ಹೊಟ್ಟಿಯಾಗ ಇಟ್ಕಳ್ಳಾಕ ಆಗಂಗಿಲ್ಲ."

ಅವಳು ಗೋಡೆಗೆ ಒರಗಿದಳು.

"ಎಂಟು ವರ್ಷದ ಹಿಂದ ಹಾಲೆಂಡ್ ದೇಶದಿಂದ ಒಂದು ಹುಡುಗಿ ಬಂದಿತ್ರಿ, ಮಾರ್ತಾ ಅಂತ, ನಾವು ಮಾರ್ತಮ್ಮ ಅಂತಿದ್ವಿ, ನಿಮ್ಹಂಗ ನರ್ಸ್ ಕಲಿಯಾಕಿ, ಕಡೀ ಪರೀಕ್ಷಿಗೆ ಮುಂಚೆ ಆರು ತಿಂಗಳು ಬಡವರ ಊರಾಗ ದುಡೀತೀನಿ ಅಂತ ತಾನಾಗೇ ಬಂದಾಕಿ. ಆಸ್ಪತ್ರಿ ಹಿಂದಿನ ಖೋಲಿಯಾಗ ಇದ್ಲು. ಸೀರಿ ಉಟ್ರ ಮೊಣಕಾಲಿಗೆ ಬರ್ತಿತ್ತು, ಕಾಲಾಗ ಗಂಡಸರ ಬೂಟು! ಕೆಂಪು ಸೋಪು ಹಚ್ಚಿ ಮೊಣಕೈ ಮಟ ತಿಕ್ಕಿ ತಿಕ್ಕಿ ಕೈಯೆಲ್ಲ ಟೊಮೇಟೊ ಹಣ್ಣಾಗಿದ್ವು. ಅರ್ಧ ಕನ್ನಡ, ಅರ್ಧ ಕೈಸನ್ನಿ. ಕೆಲಸ ಮುಗದ್ರ ಈ ಕಟ್ಟಿ ತುದಿಗೆ, ಅಗಾ ಅಲ್ಲಿ, ಗಾಳೆಮ್ಮನ ಆಚೀಕ, ಕುಂತು ಬೂಟು ಬಿಚ್ಚಿ ಕಣ್ಣು ಮುಚ್ತಿದ್ಲು. ಎಷ್ಟು ದಣಿದಿರ್ತಿದ್ಲಂದ್ರ... ನಾ ನೀರು ಕೊಟ್ರ ಚೆಂಬು ಹಿಡಕಂಡೇ ನಿದ್ದಿ ಹೋಕ್ಕಿದ್ಲು.

"ಮೊದಲ ಹೆರಿಗಿ ದುರುಗಪ್ಪನ ಮನಿಯಾಗ. ಎರಡು ದಿನ ಬ್ಯಾನಿ. ಕೂಸು ನೀಲಿ ಆಗಿ ಬಂತು. ಇದು ಹೋತು ಅಂದ್ವಿ. ಆಕಿ ಬಿಟ್ಲೇನು? ಬಾಯಿಗೆ ಬಾಯಿ ಇಟ್ಟು ಉಸುರು ಊದಿ ಊದಿ ಅಳಿಸಿದ್ಲು. ಈಗ ಆ ಕೂಸು ಸಾಲಿಗೆ ಹೋಕ್ಕೈತಿ. ನಮ್ಮ ಕೇರಿಯಾಗ ಒಂದು ಪದ್ಧತಿ ಐತಿ, ಹೊಕ್ಕಳ ಕೊಯ್ದ ಕೈ ಆ ಮನಿಯಾಗ ತೊಳದು, ಆ ಮನಿಯಾಗ ಉಂಡು ಹೋಗಬೇಕು, ಇಲ್ಲಂದ್ರ ಆ ಕೈ ಮನಿ ಬಿಟ್ಟು ಹೋಗಂಗಿಲ್ಲ ಅಂತ. ಪಕ್ಕೀರಮ್ಮ ಗಂಗಾಳ ಹಿಡಕಂಡು ಬಂದ್ಲು. ಮಾರ್ತಮ್ಮ ಕೈ ಮುಗಿದು ತಲಿ ಅಲ್ಲಾಡಿಸಿದ್ಲು. ಬಡವರ ಮನಿಯಾಗ ಉಂಡ್ರ ಅವರ ತುತ್ತು ಕಸಗಂಡಂಗ ಅಂತ ಆಕಿ ಕಡೆಯವರು ಹೇಳಿ ಕಳಿಸಿದ್ರಂತ. ನಮ್ಮ ಡಾಕ್ಟರು ನನಗ ಬ್ಯಾರೆ ಹೇಳಿದ್ರು, ಆ ಹುಡುಗಿಗೆ ಹೊಟ್ಟಿ ಕೆಟ್ರ ನಿನ್ನ ಕೇಳ್ತೀನಿ ಅಂತ. ನಾ ಏನಂದೆ? 'ಅವರು ಉಣ್ಣಂಗಿಲ್ಲಬೇ' ಅಂದೆ. ಅಷ್ಟ. ಯಾಕಂತ ಹೇಳಲಿಲ್ಲ.

"ಪಕ್ಕೀರಮ್ಮ ಅಂದ್ಲು, 'ಬಿಡವ್ವ, ಸಮುದ್ರ ದಾಟಿ ಬಂದಾಕಿಗೂ ನಾವು ಯಾರಂತ ಗೊತ್ತಾಗೇತಿ.'

"ಮಾರ್ತಮ್ಮ ನನ್ನ ಮಾರಿ ನೋಡಿ ಕೇಳಿದ್ಲು, ಅಜ್ಜಿ ಏನಂದ್ಲು ಅಂತ. ನಾ ಅಂದೆ... 'ಸಂತೋಷ ಅಂದ್ಲು.'"

ಸುಂಕಮ್ಮ ಮಡಚಿದ ಎಲೆಯನ್ನು ಬದಿಗಿಟ್ಟಳು. ಸೂರಿನಿಂದ ನೀರು ಒಂದೇ ಸಮನೆ ಬೀಳುತ್ತಿತ್ತು. ನಾಗಲಿಂಗಮ್ಮ ಸೆರಗನ್ನು ಇನ್ನಷ್ಟು ಬಿಗಿ ಮಾಡಿಕೊಂಡಳು.

"ಹಂಗ ಹನ್ನೊಂದು ಮನಿ. ಹತ್ತು ಮನಿಯಾಗ ಗಂಗಾಳ ಹಿಂದಕ ಹೋತು, ಹತ್ತು ಸಲ ನಾ ಅದ ಸುಳ್ಳು ಹೇಳಿದೆ. ಹನ್ನೊಂದನೇದು ಇದ ಮನಿ, ನನ್ನ ಮಗಳ ಹೆರಿಗಿ. ನಾನು ಗಂಗಾಳ ಇಡಲೂ ಇಲ್ಲ. ಹೆಂಗಿದ್ರೂ ಉಣ್ಣಾಕಿ ಅಲ್ಲಲ್ಲ, ಯಾಕ ಇಡಲಿ?

"ಆಮೇಲೆ ಕೇರಿಯವರು ಆಕಿನ್ನ ಕರಿಯೋದ ಬಿಟ್ರು. ಓಬಣ್ಣನ ಹೆಂಡ್ತಿಗೆ ಬ್ಯಾನಿ ಬಂದು ಮೂರು ದಿನ ಆದ್ರೂ ಹಳ್ಳದ ಆಚಿಗೆ ಸುದ್ದಿ ಇಲ್ಲ. ನಮ್ಮ ಗಂಗಾಳ ಮುಟ್ಟದಾಕಿ ನಮ್ಮ ಕೂಸು ಯಾಕ ಮುಟ್ಟಬೇಕು ಅಂದ್ರು. ಗೊತ್ತಾಗಿ ಓಡಿ ಬರೋದ್ರಾಗ ಕೂಸು ಹೊಟ್ಟಿಯಾಗ ಸತ್ತಿತ್ತು. ತಾಯಿ ಉಳಿದ್ಲು. ಮಾರ್ತಮ್ಮ, ಯಾಕ ಕರಿಲಿಲ್ಲ, ಯಾಕ ಕರಿಲಿಲ್ಲ, ಅಂತ ಎಲ್ಲರನ್ನೂ ಕೇಳಿದ್ಲು. ಪಕ್ಕೀರಮ್ಮ ಒಳಗ ಹೋಗಿ ಬರೇ ಗಂಗಾಳ ತಂದು ಆಕಿ ಮುಂದ ಹಿಡದು, ಹಿಂದಕ ತಗಂಡ್ಲು. ಅವಾಗ ಆಕಿ ನನ್ನ ಕಡೆ ತಿರಗಿದ್ಲು.

"ಹೇಳಿದೆ. ಈ ಕಟ್ಟಿ ಮ್ಯಾಲೆ ಕುಂತು ಎಲ್ಲಾ ಹೇಳಿದೆ. ನನ್ನ ಬೈತಾಳ ಅಂದ್ಕಂಡೆ. ಬೈಲಿಲ್ಲ. ಬಾಳೊತ್ತು ಬೂಟು ನೋಡ್ತಾ ಅತ್ಲು. ಆಮೇಲೆ ಎದ್ದು ಒಂದೊಂದು ಬಾಗಲಿಗೂ ಹೋಗಿ ಎದಿ ಮ್ಯಾಲೆ ಕೈ ಇಟ್ಟು, 'ನಾಳೆ ಊಟ. ನಿಮ್ಮ ಮನಿ. ಎಲ್ಲಾ ಮನಿ,' ಅಂದ್ಲು. ನನ್ನ ಬಾಗಲಿಗೂ ಬಂದು ಅಂದ್ಲವ್ವ. ನಗೀನೂ ನಕ್ಲು, 'ನಾಳೆ ದೊಡ್ಡ ಹೊಟ್ಟಿ' ಅಂತ.

"ಮರುದಿನ ಹನ್ನೊಂದು ಮನಿಯಾಗ ಒಲಿ ಹೊತ್ತಿದ್ವು. ನಾನು ಮಗಳಿಗೆ ಹುಗ್ಗಿ ಮಾಡು ಅಂತ ಹೇಳಿ ಕೆಲಸಕ್ಕ ಹೋಗಿದ್ದೆ. ಸಂಜಿಗೆ ಇಬ್ಬರೂ ಕೂಡಿ ಹಳ್ಳ ದಾಟಬೇಕಿತ್ತು. ಇಲ್ಲಿ ಬರೇ ತುಂತುರು, ಹಳ್ಳದ ಮ್ಯಾಲಿನ ನೀಲಗುಂದದ ಕಡೆ ಮುಗಿಲು ಕರ್ರಗ. ನನ್ನ ಸೊಂಟ ಬಿದ್ದು ಹೋಗಿತ್ತು. 'ಸ್ವಲ್ಪ ತಡಿ, ಮಳಿ ನಿಲ್ಲಲಿ' ಅಂತ ಬೆಂಚಿನ ಮ್ಯಾಲೆ ಕಣ್ಣು ಮುಚ್ಚಿದೆ. ಮ್ಯಾಲೆ ಮಳಿ ಆದ್ರ ಹಳ್ಳ ಹೆಂಗ ಒಮ್ಮಿಗೇ ಬರ್ತೈತಿ ಅನ್ನೋದು ನನಗ ಗೊತ್ತಿತ್ತು. ಆಕಿಗೆ ಯಾರು ಹೇಳಬೇಕಿತ್ತು? ಉಣ್ಣಾಕ ಹೊತ್ತಾಗತೈತಿ ಅಂತ ಆಕಿ ಒಬ್ಬಾಕಿನ ಹೋದ್ಲು. ಎದ್ದು ನೋಡಿದ್ರ... ದಂಡಿ ಮ್ಯಾಲೆ ಎರಡು ಬೂಟು, ಜೋಡಿಸಿ ಇಟ್ಟಿದ್ಲು. ಎರಡನೇ ದಿನ ದುರುಗಪ್ಪನೇ ಆಕಿನ್ನ ಹಳ್ಳದಿಂದ ಹೊತ್ತು ತಂದ."

"ಅಲ್ಲಿಗೆ ಮುಗೀತಲ್ಲಬೇ?" ಎಂದಳು ಕೊಟ್ರಬಸಮ್ಮ. ಈಗ ಅವಳ ದನಿಯಲ್ಲಿ ನಿದ್ದೆಯಿರಲಿಲ್ಲ.

"ಮುಗೀತೇನು? ಮುಂದಿನ ಮಳಿಗಾಲ, ದೀಪ ಹಚ್ಚೋ ಹೊತ್ತಿಗೆ, ಪಕ್ಕೀರಮ್ಮನ ಮನಿ ಮುಂದ ಕೆಂಪು ಸೋಪಿನ ವಾಸನಿ. ಆಕಿ ಏನೂ ಮಾತಾಡದ ಹೊಸ್ತಿಲ ಹೊರಗ ಗಂಗಾಳ ಇಟ್ಟು ಬಾಗಲ ಹಾಕಿದ್ಲು. ಮುಂಜಾನೆ ಖಾಲಿ. ನಾಯಿ ತಿಂದಿರಬೋದು ಅಂತೀರಿ... ನಾನೂ ಅಂದೆ. ನಾಯಿ ಗಂಗಾಳ ತಿಕ್ಕಿ ತೊಳದು ಡಬ್ಬು ಹಾಕಿ ಇಡ್ತೈತೇನು? ಹಂಗ ಮಳಿ ಹೊಡದಾಗೊಮ್ಮೆ ಒಂದೊಂದ ಮನಿ. ಹತ್ತು ಮನಿ ಉಂಡ್ಲು. ನನ್ನ ಮನಿಯಾಗ ಮಾತ್ರ ಪ್ರತಿ ಮಳಿಗೂ ಇಡ್ತೀನಿ, ಮುಂಜಾನೆಗೆ ಹಾಕಿದ್ದು ಹಾಕಿದಂಗ ತಣ್ಣಗ ಕುಂತಿರ್ತೈತಿ. ಸುಳ್ಳು ಹೇಳಿದ ಕೈಯಾಗಿನ ಅನ್ನ, ಹೆಂಗ ಇಳಿಬೇಕು ಆಕಿಗೆ? ನನಗೂ ವಯಸ್ಸಾತು. ನಾ ಹ್ವಾದ್ರ ಆ ಹುಡುಗಿ ಎಷ್ಟು ವರ್ಷ ಆ ಹಳ್ಳ ದಾಟಬೇಕು?"

ಕಟ್ಟೆಯ ಕೆಳಗೆ ಯಾರೋ ಉಸಿರೆಳೆದರು. ಹುಡುಗಿಯರು ಬೆಚ್ಚಿದರು. ಗೋಣಿಚೀಲದ ಕೊಪ್ಪೆ ಹೊದ್ದು, ಬುಟ್ಟಿ ಅವಚಿಕೊಂಡು ಪಕ್ಕೀರಮ್ಮ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಕೊಪ್ಪೆಯ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಎಲ್ಲಾ ಕೇಳಿದೇನಬೇ?" ಎಂದಳು ಸುಂಕಮ್ಮ, ತಲೆ ಎತ್ತದೆ.

"ಕೇಳಿದೆ." ಪಕ್ಕೀರಮ್ಮ ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟಳು. "ಆ ಹುಡುಗಿ ನಮ್ಮನ್ನ ಹೇಸಿಗಂಡಿದ್ದಿಲ್ಲ ಅನ್ನು... ಎಂಟು ವರ್ಷ ಇದನ್ನ ಹೊತ್ತಿದ್ಯಲ್ಲ ಸುಂಕಿ, ದಣಿದಿಲ್ಲೇನು ನೀನು?"

ಸುಂಕಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಪಕ್ಕೀರಮ್ಮ ಅವಳ ಬೆನ್ನ ಮೇಲೆ ಒಂದು ಸಲ ಕೈ ಇಟ್ಟು, ತೆಗೆದಳು. ಆಮೇಲೆ ಗಾಳೆಮ್ಮನ ಕಡೆ ತಿರುಗಿ, "ರೊಟ್ಟಿ ಅದಾವು, ಅಲಸಂದಿ ಸಾರು ಐತಿ. ಉಣ್ಣದಿದ್ರ ಬಿಡವ್ವ, ಹಸದು ಮಾತ್ರ ಮಲಗಬ್ಯಾಡ್ರಿ," ಎಂದಳು.

ಗಾಳೆಮ್ಮ ಎದ್ದು ನಿಂತು ಎರಡೂ ಕೈ ಚಾಚಿದಳು. "ಕೊಡಬೇ. ನಮ್ಮದೂ ಕೇರಿನ, ಹಡಗಲಿ ಕಡೆ. ನಮ್ಮವ್ವನೂ ಹಿಂಗ ಮಾಡ್ತಾಳ. ಮಧ್ಯಾಹ್ನ ಹೇಳಾಕ ಬಾಯಿ ಬರಲಿಲ್ಲ."

"ಅಯ್ಯ ನನ್ನವ್ವ!" ಎಂದು ಮುದುಕಿ ಅವಳ ಗಲ್ಲ ಸವರಿ, ಬಾಣಂತಿ ಒಬ್ಬಳೇ ಇದ್ದಾಳೆಂದು ಮಳೆಯೊಳಗೆ ನಡೆದುಹೋದಳು.

ಸುಂಕಮ್ಮ ಒಳಗಿನಿಂದ ಗಂಗಾಳಗಳನ್ನು ತಂದು ಬಡಿಸಿದಳು. ಮೂವರು ಹುಡುಗಿಯರು, ತಾನು, ನಾಲ್ಕು. ಆಮೇಲೆ ಐದನೆಯದನ್ನು ತಂದಳು. ಅದರಲ್ಲಿ ತನ್ನ ಒಲೆಯ ಮೇಲಿದ್ದ ಹುಗ್ಗಿ ಹಾಕಿದಳು. "ಮಳಿ ಬಂದ ದಿನ ಹುಗ್ಗಿ ಮಾಡ್ತೀನಿ," ಎಂದಳು, ಯಾರೂ ಕೇಳದಿದ್ದರೂ. "ಬಂದ್ರೂ ಬರಬೋದು ಅಂತ."

ಗಾಳೆಮ್ಮ ಕಟ್ಟೆಯ ತುದಿಯ ಕಡೆ ಕುಳಿತಿದ್ದಳು. ಅವಳ ಬಲಕ್ಕೆ ಗೆಳತಿಯರು, ಕಂದೀಲು. ಎಡಕ್ಕೆ ಒಬ್ಬರು ಕೂರುವಷ್ಟು ಜಾಗ, ಅದರಾಚೆ ಕತ್ತಲೆ. ಪಕ್ಕದ ಮನೆಯ ಅಜವಾನದ ಹೊಗೆ ಬರುತ್ತಲೇ ಇತ್ತು. ಆ ಹೊಗೆಯ ನಡುವೆ ಒದ್ದೆಯಾದ, ಆಸ್ಪತ್ರೆಯ ಕೆಂಪು ಸೋಪಿನ ವಾಸನೆ ಬಂದದ್ದು ಆಗ. ಅವಳು ತನ್ನ ಕೈಗಳನ್ನು ಮೂಸಿಕೊಂಡಳು. ಅವುಗಳಲ್ಲಿ ರೊಟ್ಟಿಯ ವಾಸನೆ ಮಾತ್ರ ಇತ್ತು. ಎಡಗಡೆ, ಬಹಳ ದೂರ ನಡೆದು ಬಂದವರು ಕೂರುವಾಗ ಬಿಡುವಂಥ ಒಂದು ನಿಟ್ಟುಸಿರು ಕೇಳಿಸಿತು.

ಗಾಳೆಮ್ಮ ತಿರುಗಿ ನೋಡಲಿಲ್ಲ. ಸುಂಕಮ್ಮ ಹುಗ್ಗಿಯ ಗಂಗಾಳವನ್ನು ಎತ್ತಿ, ಗಾಳೆಮ್ಮನ ಮುಂದಿನಿಂದ ಆ ಖಾಲಿ ಜಾಗದ ಕಡೆ ಚಾಚಿದಳು. ತುಂಬಿದ ಗಂಗಾಳ ಭಾರವಾಗಿತ್ತು. ಗಾಳೆಮ್ಮ ತನ್ನ ಅಂಗೈಯನ್ನು ಗಂಗಾಳದ ಕೆಳಗೆ ಒತ್ತಾಸೆಯಾಗಿ ಕೊಟ್ಟಳು. ಇಬ್ಬರೂ ಹಾಗೇ ಹಿಡಿದುಕೊಂಡಿದ್ದರು. ಸ್ವಲ್ಪ ಹೊತ್ತಿಗೆ, ಆ ಕಡೆಯಿಂದ ಯಾರೋ ಮೆಲ್ಲಗೆ ತೆಗೆದುಕೊಂಡ ಹಾಗೆ, ಇಬ್ಬರ ಕೈಯೂ ಹಗುರಾಯಿತು.