ಕಾರ್‌ಪೂಲ್ ಲೇನಿನ ಇನ್ನೊಬ್ಬಳು

ಕಾರು ಸ್ಟಾರ್ಟ್ ಮಾಡುವ ಮೊದಲು ಜಗನ್ ಪಕ್ಕದ ಸೀಟಿನ ಕಡೆ ಬಾಗುತ್ತಿದ್ದ. ಆ ಸೀಟಿನ ಬೆಲ್ಟು ಎಳೆದು, ಟಕ್ ಅಂತ ಸಿಕ್ಕಿಸಿ, ಸರಿಯಾಗಿ ಕೂತಿದೆಯಾ ಅಂತ ಮೆಲ್ಲಗೆ ಜಗ್ಗಿ ನೋಡುತ್ತಿದ್ದ. ತನ್ನ ಬೆಲ್ಟು ಆಮೇಲೆ.

ಏರ್‌ಪೋರ್ಟಿನಿಂದ ಮೊದಲ ಸಲ ಮನೆಗೆ ಕರೆತಂದ ದಿನ ಹೇಮಶ್ರೀಗೂ ಹಾಗೇ ಮಾಡಿದ. ಮದುವೆಯಾದ ಹದಿನೈದೇ ದಿನಕ್ಕೆ ಅಮೆರಿಕಕ್ಕೆ ಹಿಂತಿರುಗಿದ್ದ ಗಂಡ. ಮತ್ತೆ ಮುಖ ನೋಡುವಾಗ ವರ್ಷ ಕಳೆದಿತ್ತು. ಅವಳ ಕಿವಿ ಬಿಸಿಯಾಯಿತು... ಇಷ್ಟು ಕಾಳಜಿಯಾ ಅಂದುಕೊಂಡಳು.

ಈ ಹೇಮಶ್ರೀ ನಮ್ಮ ಸೋದರತ್ತೆ ಮಗಳು, ಹಾಸನದವಳು. ಅವಳು ಹೇಳಿದ್ದನ್ನು ಹೇಳಿದ ಹಾಗೇ ಹೇಳುತ್ತೇನೆ. ಲೈಟು ಬೇಕಾದರೆ ಇರಲಿ, ಮಧ್ಯೆ ಮಾತ್ರ ಮಾತಾಡಬೇಡಿ.

ಮನೆ ಮಾರ್ಗನ್ ಹಿಲ್‌ನಲ್ಲಿ, ಅಪಾರ್ಟ್‌ಮೆಂಟಿನ ಮೇಲಿನ ಮಹಡಿ. ಆಫೀಸು ದೂರದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಇಂಟರ್‌ನೆಟ್ಟಿನಲ್ಲಿ ಹೆಂಗಸರ ಬಟ್ಟೆ ಮಾರುವ ಕಂಪನಿ. ಆ ಕಾಲದಲ್ಲಿ ಅಂಥವು ಬೀದಿಗೊಂದು. ಕತ್ತಲು ಹರಿಯುವ ಮೊದಲೇ ಜಗನ್ ಹೊರಡುತ್ತಿದ್ದ. ಕೈ ಬೀಸೋಣ ಅಂತ ಹೇಮಶ್ರೀ ಅಡುಗೆಮನೆ ಕಿಟಕಿಯಲ್ಲಿ ನಿಲ್ಲುತ್ತಿದ್ದಳು. ಅವನು ಮೇಲೆ ನೋಡುತ್ತಿರಲಿಲ್ಲ. ಕಾರಿನೊಳಗಿನ ಸಣ್ಣ ದೀಪದಲ್ಲಿ ಪಕ್ಕಕ್ಕೆ ಬಾಗುವುದು ಕಾಣುತ್ತಿತ್ತು. ಖಾಲಿ ಸೀಟಿಗೆ ಬೆಲ್ಟು ಹಾಕುತ್ತಿದ್ದ. ತುಟಿ ಅಲ್ಲಾಡುತ್ತಿತ್ತು.

ಫೋನಿನಲ್ಲಿ ಇದನ್ನು ಹೇಳಿದರೆ ಅವಳ ಅಮ್ಮ ಲಿಂಗಮ್ಮನಿಗೆ ನಗು. "ನಿನ್ನನ್ನೇ ಕೂರಿಸ್ಕೊಂಡಿದೀನಿ ಅಂದ್ಕೊಂಡು ಹೋಗ್ತಾನೆ ಕಣೆ. ಪುಣ್ಯ ಮಾಡಿದ್ದೆ. ನಿಮ್ಮಪ್ಪ ನನ್ನ ಅರಸೀಕೆರೆ ಬಸ್‌ಸ್ಟ್ಯಾಂಡಲ್ಲಿ ಮರೆತು ಮನೆಗೆ ಬಂದು ಊಟಕ್ಕೆ ಕೂತಿದ್ರು!"

ಹೇಮಶ್ರೀಗೆ ಇದ್ದ ಚಿಂತೆ ಒಂದೇ. ಹಾಸನದಲ್ಲಿ ಅವಳಿಗೆ ಬ್ಯಾಂಕಿನಲ್ಲಿ ಕೆಲಸವಿತ್ತು. ಪರೀಕ್ಷೆ ಬರೆದು, ಸಾವಿರಾರು ಜನರ ನಡುವೆ ಗೆದ್ದು ಪಡೆದ ಕೆಲಸ. ಸಂಬಳವಿಲ್ಲದ ರಜೆ ಹಾಕಿ ಬಂದಿದ್ದಳು. ಆ ರಜೆ ಮುಗಿಯುತ್ತಾ ಬಂದಿತ್ತು. "ಶನಿವಾರ ಬೆಳಿಗ್ಗೆ ಒಂದು ಮಾತು ಹೇಳಿಬಿಡಮ್ಮ, ಬರ್ತೀಯೋ ಬಿಡ್ತೀಯೋ," ಅಂದಿದ್ದರು ಮ್ಯಾನೇಜರ್ ದೇವೇಂದ್ರಪ್ಪನವರು. ಹಾಸನದ ಶನಿವಾರ ಬೆಳಿಗ್ಗೆ ಅಂದರೆ ಅಮೆರಿಕದಲ್ಲಿ ಶುಕ್ರವಾರ ರಾತ್ರಿ.

ಜಗನ್ ಮಾತ್ರ ಹಿಂದೆಮುಂದೆ ನೋಡಲಿಲ್ಲ. "ಬಿಟ್ಟಾಕು ಹೇಮಾ. ನನ್ನ ಕೆಲಸ ಇರೋವಾಗ ನಿಂಗ್ಯಾಕೆ ಆ ಕ್ಯಾಷ್ ಕೌಂಟರು?"

ಬಿಡುವುದು ಅಂತಲೇ ಆಯಿತು. ಶುಕ್ರವಾರ ರಜೆ ಹಾಕಿದೀನಿ, ಊರು ತೋರಿಸ್ತೀನಿ, ರಾತ್ರಿ ಬಂದು ಫೋನ್ ಮಾಡುವೆಯಂತೆ ಅಂದ.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವರು ಟ್ರಾಮಿನಂಥ ಬಂಡಿ ಹತ್ತಿದರು. ಗಂಟೆ ಟಣಟಣ ಬಾರಿಸುತ್ತಾ ಏರು ಹತ್ತಿ, ಅಷ್ಟೇ ಜೋರಾಗಿ ಇಳಿಯಿತು. ದಡದಲ್ಲಿ ಹಲಗೆಗಳ ಮೇಲೆ ಬಿದ್ದುಕೊಂಡು ಒರಲುವ ಕಡಲಸಿಂಹಗಳನ್ನು ನೋಡಿ, "ನಮ್ಮ ದೊಡ್ಡಪ್ಪನ ಗೊರಕೆ ಇದ್ದ ಹಾಗಿದೆ ರೀ" ಅಂದಳು. ಜಗನ್ ನಕ್ಕ. ಆದರೆ "ನಿಮ್ಮ ಆಫೀಸು ತೋರಿಸಿ" ಅಂದ ಕೂಡಲೇ ನಗು ನಿಂತಿತು.

"ಆ ಕಡೆ ಪಾರ್ಕಿಂಗ್ ಸಿಗಲ್ಲ."

"ಇಳಿಯೋದು ಬೇಡ. ಕಾರಲ್ಲೇ ನೋಡ್ತೀನಿ."

"ಬಿಲ್ಡಿಂಗ್ ನೋಡಿ ಏನ್ ಮಾಡ್ತೀಯಾ? ನಡಿ, ಟ್ರಾಫಿಕ್ ಆಗುತ್ತೆ."

ಹೊರಟಾಗ ಸಂಜೆ ಕಪ್ಪಾಗುತ್ತಿತ್ತು. ಫ್ರೀವೇ ತುಂಬ ಕೆಂಪು ದೀಪಗಳ ಸಾಲು. ಎಡತುದಿಯ ಒಂದು ಲೇನು ಮಾತ್ರ ಸಲೀಸಾಗಿ ಓಡುತ್ತಿತ್ತು. ಅದು ಕಾರ್‌ಪೂಲ್ ಲೇನು. ಜನ ಹೆಚ್ಚಾಗಿ ಓಡಾಡುವ ಹೊತ್ತಿನಲ್ಲಿ, ಕಾರಿನಲ್ಲಿ ಕಡೇಪಕ್ಷ ಇಬ್ಬರಿದ್ದರೆ ಮಾತ್ರ ಅದರಲ್ಲಿ ಹೋಗಬಹುದು. ಒಬ್ಬರೇ ಸಿಕ್ಕಿಬಿದ್ದರೆ ದೊಡ್ಡ ದಂಡ.

ಜಗನ್ ಆ ಲೇನಿಗೆ ಸೇರಿ ಉಸಿರು ಬಿಟ್ಟ. "ಇವತ್ತು ನಿಜವಾಗ್ಲೂ ಇಬ್ರಿದೀವಿ."

"ಅಂದ್ರೆ?"

"ಏನಿಲ್ಲ."

ಆಗ ಶುರುವಾಯಿತು. ಟಿಂಗ್... ಟಿಂಗ್... ಟಿಂಗ್... ಯಾರೋ ಬೆಲ್ಟು ಹಾಕಿಲ್ಲ ಅಂತ ಕಾರು ಎಚ್ಚರಿಸುವ ಸದ್ದು. ಇಬ್ಬರೂ ಹಾಕಿದ್ದರು. ಜಗನ್ ಒಂದು ಕೈಯಲ್ಲಿ ಅವಳ ಬೆಲ್ಟು ಬಿಚ್ಚಿ ಮತ್ತೆ ಸಿಕ್ಕಿಸಿದ. ಟಿಂಗ್... ಟಿಂಗ್... ಆಮೇಲೆ ತಾನಾಗಿಯೇ ನಿಂತಿತು.

ನಿಂತ ಮೇಲೆ ಇನ್ನೊಂದು ಸದ್ದು ಕೇಳಿಸಿತು. ಸರ್... ಸರ್... ರೇಷ್ಮೆ ಸೀರೆಯ ನೆರಿಗೆ ಸರಿಮಾಡಿಕೊಂಡ ಹಾಗೆ. ಹಿಂದಿನ ಸೀಟಿನಿಂದ.

ಹೇಮಶ್ರೀ ತಿರುಗಿ ನೋಡಿದಳು. ಯಾರೂ ಇಲ್ಲ. ಹಿಂದಿನ ಗಾಜು ಮಾತ್ರ ಒಳಗಿನಿಂದ ಮಬ್ಬಾಗಿತ್ತು... ಒಂದು ಕಡೆ, ಮುಖದಗಲ.

ಸ್ಯಾನ್ ಹೋಸೆ ದಾಟಿದರು. ದೀಪಗಳು ಮುಗಿದವು. ಎರಡೂ ಕಡೆ ಕತ್ತಲೆ ಹೊಲ. ಹೊಲದ ಮೇಲೆ ಮಂಜು. ಜಗನ್ ಕಣ್ಣು ರಸ್ತೆಯಲ್ಲಿ, ಮನಸ್ಸು ಇನ್ನೆಲ್ಲೋ. ಆಗ ಅವನ ಕಿವಿಯ ಹಿಂದೆ ಯಾರೋ ಪಿಸುಗುಟ್ಟಿದರು.

"ಆಫೀಸಿಗೆ ಬೀಗ ಬಿದ್ದಿದ್ದು... ಅವಳಿಗೆ ಹೇಳಿದ್ಯಾ?"

"ಇನ್ನೂ ಇಲ್ಲ ಮಾರಾಯ್ತಿ," ಅಂದ ಜಗನ್.

ಎಷ್ಟು ಸಲೀಸಾಗಿ ಅಂದ ಗೊತ್ತಾ? ದಿನಾ ಕೇಳುವ ಪ್ರಶ್ನೆಗೆ ದಿನಾ ಕೊಡುವ ಉತ್ತರದ ಹಾಗೆ. ಅಂದ ಮೇಲೆ ಸರಕ್ಕನೆ ಹೇಮಶ್ರೀ ಕಡೆ ತಿರುಗಿದ.

"ನೀನೇನಾ... ಈಗ ಕೇಳಿದ್ದು?"

ಹೇಮಶ್ರೀ ಬಾಯಿ ತೆರೆದಿರಲಿಲ್ಲ. ಗಂಡನಿಗೆ ಏಕವಚನದಲ್ಲಿ ಮಾತಾಡಿದವಳೂ ಅಲ್ಲ. ಆದರೆ ಆ ಧ್ವನಿ... ಅವಳದೇ ಆಗಿತ್ತು.

ಕಾರು ಪಕ್ಕದ ಲೇನಿಗೆ ಜಾರಿ ಮತ್ತೆ ಈಚೆಗೆ ಬಂತು. ಹಿಂದಿನಿಂದ ಕೆಂಪು ನೀಲಿ ದೀಪ. ಜಗನ್ ರಸ್ತೆಯ ಅಂಚಿಗೆ ತಂದು ನಿಲ್ಲಿಸಿದ. ಪೊಲೀಸಿನವನು ಕಿಟಕಿ ಹತ್ತಿರ ಬಗ್ಗಿ ಟಾರ್ಚು ಹಿಡಿದ. ಜಗನ್ ಮೇಲೆ, ಹೇಮಶ್ರೀ ಮೇಲೆ, ಆಮೇಲೆ ಹಿಂದಿನ ಸೀಟಿನ ಮೇಲೆ. ಅಲ್ಲಿ ಬೆಳಕು ಸ್ವಲ್ಪ ಹೊತ್ತು ನಿಂತಿತು.

"ನಿದ್ದೆ ಬಂದರೆ ಗಾಡಿ ನಿಲ್ಲಿಸಿ ಮಲಗಿ," ಅಂದ ಇಂಗ್ಲಿಷಿನಲ್ಲಿ. "ಹಿಂದಿರೋ ಆ ಹೆಂಗಸಿಗೂ ಬೆಲ್ಟು ಹಾಕ್ಕೊಳ್ಳೋಕೆ ಹೇಳಿ."

ಅವನ ಬೂಟಿನ ಸದ್ದು ಕರ್ ಕರ್ ಅಂತ ಜಲ್ಲಿಯ ಮೇಲೆ ದೂರವಾಯಿತು. ಹೇಮಶ್ರೀ ತಿರುಗಿ ನೋಡುವ ಧೈರ್ಯ ಮಾಡಲಿಲ್ಲ. ಜಗನ್ ಮುಂದಿನ ಎಕ್ಸಿಟ್ಟಿನಲ್ಲಿ ಫ್ರೀವೇ ಬಿಟ್ಟು, ಪೆಟ್ರೋಲ್ ಬಂಕಿನ ಬೆಳಕಿನಲ್ಲಿ ಕಾರು ನಿಲ್ಲಿಸಿದ.

"ಯಾರು ರೀ ಅದು?"

ಜಗನ್ ಇಳಿದು ಡಿಕ್ಕಿ ತೆರೆದ. ಹೇಮಶ್ರೀ ಹೋಗಿ ನೋಡಿದಳು.

ಒಳಗೆ ಕಾಲು ಮಡಿಸಿ ಮಲಗಿಸಿದ್ದ ಗೊಂಬೆ. ಬಟ್ಟೆ ಅಂಗಡಿಯಲ್ಲಿ ನಿಲ್ಲಿಸುತ್ತಾರಲ್ಲ, ಅಂಥದ್ದು. ತಲೆಗೆ ಕೂದಲಿನ ಟೋಪನ್ನು. ಹಣೆಗೆ ಬಿಂದಿ. ಮೈಮೇಲೆ ನೇರಳೆ ರೇಷ್ಮೆ ಸೀರೆ... ಅವಳ ನಿಶ್ಚಿತಾರ್ಥದ ಸೀರೆ. ಮದುವೆಯಾದ ಹೊಸತರಲ್ಲಿ "ಇದರಲ್ಲಿ ನಿನ್ನ ವಾಸನೆ ಇದೆ, ಕೊಡು, ಇಟ್ಕೊಂಡಿರ್ತೀನಿ" ಅಂತ ಕೇಳಿ ತೆಗೆದುಕೊಂಡು ಹೋಗಿದ್ದ.

"ದೀಪಾವಳಿ ಹೊತ್ತಿಗೇ ಕಂಪನಿ ಮುಚ್ಚಿದ್ರು," ಅಂದ ಜಗನ್, ಗೊಂಬೆಯನ್ನೇ ನೋಡುತ್ತಾ. "ಎಲ್ರೂ ಕುರ್ಚಿ, ಮಾನಿಟರ್ ಹೊತ್ಕೊಂಡು ಹೋದ್ರು. ಬಟ್ಟೆ ಫೋಟೋ ತೆಗೆಯೋಕೆ ಇಟ್ಟಿದ್ದ ಗೊಂಬೆ ಉಳಿದಿತ್ತು. ನಾನು ತಂದೆ. ಇಂಟರ್‌ವ್ಯೂಗೆ ಅಲ್ಲಿ ಇಲ್ಲಿ ಓಡಬೇಕಲ್ಲ... ಪಕ್ಕದಲ್ಲಿ ಕೂರಿಸಿದ್ರೆ ಕಾರ್‌ಪೂಲ್ ಲೇನಲ್ಲಿ ಹೋಗಬಹುದು."

"ನನ್ನ ಸೀರೆ ಉಡಿಸಿ."

"ಹೆಂಡ್ತಿ ಥರ ಕಾಣ್ಲಿ ಅಂತ. ನೀನು ಬಂದ್ಮೇಲೆ ಡಿಕ್ಕೀಲಿಟ್ಟೆ, ಬೆಲ್ಟು ಹಾಕೋ ಅಭ್ಯಾಸ ಮಾತ್ರ ಹೋಗ್ಲಿಲ್ಲ."

"ಮಾತೂ ಆಡ್ತಿದ್ರಾ?"

"ದೂರದ ದಾರಿ ಹೇಮಾ... ಒಬ್ನೇ..."

"ಏನು ಹೇಳ್ತಿದ್ರಿ ಇದಕ್ಕೆ?"

"ಎಲ್ಲಾ."

"ನಾನೂ ಇದ್ದೆ ಮನೇಲಿ," ಅಂದಳು ಹೇಮಶ್ರೀ. ಧ್ವನಿ ಏರಿಸಲಿಲ್ಲ. "ದಿನಾ ರಾತ್ರಿ ‘ಆಫೀಸಲ್ಲಿ ಏನು ವಿಶೇಷ’ ಅಂತ ಕೇಳ್ತಿದ್ದೆ. ಟಿವಿ ಕಡೆ ತಿರುಗಿಕೊಂಡು ‘ಏನಿಲ್ಲ’ ಅಂತಿದ್ರಿ. ಆಯ್ತು, ಅದೂ ಬಿಡಿ. ನಿಮಗೇ ಕೆಲಸ ಇಲ್ಲ ಅಂದ ಮೇಲೆ ನನ್ನ ಕೆಲಸ ಬಿಡು ಅಂತ ಯಾಕಂದ್ರಿ?"

ಜಗನ್ ಪಂಪಿನ ಕಡೆ ಮುಖ ತಿರುಗಿಸಿದ. ಪಂಪು ಗುಂಯ್ ಅನ್ನುತ್ತಿತ್ತು.

"ನೀನು ವಾಪಸ್ ಹೋದ್ರೆ ಊರಲ್ಲಿ ಎಲ್ರೂ ಕೇಳ್ತಾರೆ. ಇಲ್ಲೇ ಇದ್ರೆ ಯಾರಿಗೂ ಗೊತ್ತಾಗಲ್ಲ."

ಇಷ್ಟೇ. ಇಷ್ಟಕ್ಕೆ. ಹೇಮಶ್ರೀಗೆ ಅಳು ಬರಲಿಲ್ಲವಂತೆ. ಡಿಕ್ಕಿಯಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿದ್ದವಳನ್ನು ನೋಡಿ, ತಾನು ಬಂದ ದಿನದಿಂದ ಇದನ್ನೂ ಕತ್ತಲಲ್ಲೇ ಮುಚ್ಚಿಟ್ಟಿದ್ದಾನಲ್ಲ ಅನ್ನಿಸಿತಂತೆ. ಬಗ್ಗಿ, ಜಾರಿದ್ದ ಸೆರಗು ಅದರ ಹೆಗಲಿಗೆ ಎಳೆದಳು. ಗೊಂಬೆಯ ಹೆಗಲು ಬೆಚ್ಚಗಿತ್ತು.

ಡಿಕ್ಕಿ ಧಡ್ ಅಂತ ಮುಚ್ಚಿದರು. ಮನೆ ಮುಟ್ಟಿದರು. ಕಾರು ಇಳಿದವಳೇ ಹೇಮಶ್ರೀ ಮೆಟ್ಟಿಲು ಹತ್ತಿ, ಲೈಟು ಕೂಡ ಹಾಕದೆ ಹಾಸನಕ್ಕೆ ಫೋನ್ ಹಚ್ಚಿದಳು. ಜಗನ್ ಬಾಗಿಲಲ್ಲೇ ನಿಂತಿದ್ದ. "ಸ್ವಲ್ಪ ಯೋಚನೆ ಮಾಡು," ಅಂದ. ಅವಳು ಬೆನ್ನು ತಿರುಗಿಸಿದಳು.

ಇನ್ನು ಮುಂದಿನದನ್ನು ನೀವು ನಂಬುವುದಿಲ್ಲ. ನಂಬದಿದ್ದರೆ ದೇವೇಂದ್ರಪ್ಪನವರು ರಿಟೈರಾಗಿ ಹಾಸನದಲ್ಲೇ ಇದ್ದಾರೆ, ಹೋಗಿ ಕೇಳಿ. ನಾನೇ ಹೋಗಿ ಕೇಳಿ ಬಂದಿದ್ದೇನೆ. ಅವರು ಸುಳ್ಳು ಹೇಳುವ ಮನುಷ್ಯರಲ್ಲ.

"ಸರ್, ನಾನು ಹೇಮಶ್ರೀ. ಕೆಲಸ ಬಿಡಲ್ಲ ಸರ್. ವಾಪಸ್ ಬರ್ತೀನಿ."

"ಗೊತ್ತಲ್ಲಮ್ಮ," ಅಂದರು ದೇವೇಂದ್ರಪ್ಪನವರು. "ಆಗ್ಲೇ ಹೇಳಿದ್ಯಲ್ಲ. ನಾನು ಶಟರ್ ಎತ್ತೋಕೂ ನಿನ್ನ ಫೋನು ಬರೋಕೂ ಸರಿಹೋಯ್ತು."

ಶಟರ್ ಎತ್ತುವ ಹೊತ್ತು ಅಂದರೆ... ಅವರಿಬ್ಬರೂ ಬಂಕಿನಲ್ಲಿ, ತೆರೆದ ಡಿಕ್ಕಿಯ ಮುಂದೆ ನಿಂತಿದ್ದರು.

"ನಾನಾ ಸರ್?"

"ಇನ್ಯಾರು? ನಿನ್ನ ದನಿ ನಂಗೆ ಗೊತ್ತಾಗಲ್ವಾ? ಮೊದಲನೇ ಸಲ ‘ಏನಪ್ಪಾ ದೇವೇಂದ್ರಪ್ಪ’ ಅಂದೆ, ಅಮೆರಿಕದ ಗಾಳಿ ಅಂದ್ಕೊಂಡೆ." ನಕ್ಕರು. ತಂತಿಯಲ್ಲಿ ಸುಯ್ ಅಂತ ಗಾಳಿ ಬೀಸಿದ ಹಾಗಾಯಿತು. "ಅದಿರಲಿ. ‘ಇಬ್ರು ಬರ್ತೀವಿ, ಕೌಂಟರಲ್ಲಿ ನನ್ನ ಪಕ್ಕ ಇನ್ನೊಂದು ಕುರ್ಚಿ ಹಾಕಿಸು’ ಅಂದ್ಯಲ್ಲ... ಯಾರಮ್ಮ ಜೊತೇಲಿ ಬರೋದು? ಕುರ್ಚಿ ಹಾಕಿಸ್ಲಾ, ಬೇಡ್ವಾ? ಹೇಳಮ್ಮ... ಹಲೋ? ಹೇಮಶ್ರೀ... ಹಾಕಿಸ್ಲಾ?"