ಇಬ್ಬರಿಗೂ ದಕ್ಕದ ಪೈಲಟ್ ಕೆಲಸ

ದೊಡ್ಡವೆಂಕಟಪ್ಪನವರು ದೇವನಹಳ್ಳಿ ನಿಲ್ದಾಣದಲ್ಲಿ ದೊಡ್ಡಬಳ್ಳಾಪುರದ ಬಸ್ಸಿಗಾಗಿ ಕಾಯುತ್ತಿದ್ದರು. ಪಕ್ಕದಲ್ಲಿ ನಿಂತಿದ್ದ, ಅವರಿಗೆ ಪರಿಚಯವಿಲ್ಲದ ಮೀಸೆಯ ಯುವಕನನ್ನು ಕಂಡು ಹುಡುಗಿಯೊಬ್ಬಳು ಗಕ್ಕನೆ ನಿಂತಳು.

"ಏನ್ ಯೋಗಾನಂದಣ್ಣ, ವಿಮಾನ ಓಡಿಸೋರು ಬಸ್ಸಿಗೆ ಕಾಯ್ತಿದ್ದೀರಾ?"

"ಅಣಕಿಸ್ಬೇಡ ಅನಿತ. ಕಂಪನಿಯೋರು ನಿನ್ನನ್ನೇ ತಗೊಂಡ್ರಲ್ಲ."

"ನನ್ನನ್ನಾ? ಫ್ಲೈಯಿಂಗ್ ಸ್ಕೂಲಲ್ಲಿ ಕಲಿತೋರು ಬೇಡ, ನಿಮ್ಮಂಥ ವಾಯುಪಡೆಯೋರಿಗೇ ಶಿಸ್ತು ಜಾಸ್ತಿ ಅಂದ್ರು."

"ನನಗೆ, ವಾಯುಪಡೆಯಿಂದ ಬಂದೋರು ಮಾತು ಕೇಳಲ್ಲ, ಸ್ಕೂಲಲ್ಲಿ ಕಲಿತೋರೇ ವಾಸಿ ಅಂದ್ರು."

ದೊಡ್ಡವೆಂಕಟಪ್ಪನವರು ಅತ್ತ ತಿರುಗದೆಯೇ ಕೇಳಿಸಿಕೊಳ್ಳುತ್ತಿದ್ದರು.

"ನನ್ನ ಕೆಲಸ ನೀವು ಕಿತ್ಕೊಂಡ್ರಿ ಅಂತ ಅಪ್ಪ, ದೊಡ್ಡಪ್ಪನ ಜೊತೆ ಹಂಚ್ಕೊಂಡಿದ್ದ ಮಗ್ಗದ ಮನೆ ನಡುವೆ ಗೋಡೆ ಎಬ್ಬಿಸ್ಬಿಟ್ರಲ್ಲಣ್ಣ."

"ಸಿಮೆಂಟು ತಂದ್ಕೊಟ್ಟೋರೇ ನಮ್ಮಪ್ಪ."

"ಇವತ್ತೇ ಹೋಗಿ ಇಬ್ರಿಗೂ ನಿಜ ಹೇಳ್ಬಿಡೋಣ."

"ಏನಂತ? ನಾವಿಬ್ರೂ ಯಾರಿಗೂ ಬೇಡವಾದ್ವಿ ಅಂತಲಾ? ಚಿಕ್ಕಪ್ಪ ಈಗ ನನ್ನ ಬೈಕೊಂಡಾದ್ರೂ ನೆಮ್ಮದಿಯಾಗಿದ್ದಾರೆ. ನಮ್ಮಪ್ಪನೂ ನಿನ್ನ ಬೈಕೊಂಡು ಹಾಗೇ ಇದ್ದಾರೆ. ಆ ನೆಮ್ಮದೀನೂ ಯಾಕೆ ಕಿತ್ಕೊಳ್ತೀಯ?"

ಬಸ್ಸು ಬಂತು. ಅನಿತ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದಳು.

"ಹಾಗಾದ್ರೆ ನೀವು ಮುಂದಿನ ಬಸ್ಸಿಗೆ ಬನ್ನಿ. ಒಟ್ಟಿಗೆ ಇಳಿದ್ರೆ ಊರೋರು ನೋಡ್ತಾರೆ."

ಯೋಗಾನಂದ ಹಿಂದೆ ಸರಿದು ನಿಂತ.