ಬೆಲುಗೊ ಗೂಳಿ ಬಿಡುವ ಹೊತ್ತು

...ಇಲ್ಲ ಅತ್ತೆ, ನಿಮ್ಮ ಮಗ ಇವತ್ತು ಗೂಳಿ ಕಣಕ್ಕಿಳಿಯಲ್ಲ ಅಂದ್ನಲ್ಲ. ಎಷ್ಟು ಸಲ ಹೇಳಲಿ? ಕೂತ್ಕೊಳ್ಳಿ. ಕಲ್ಲು ಕಾದಿದೆ, ಶಾಲು ಹಾಸ್ಕೊಂಡು ಕೂತ್ಕೊಳ್ಳಿ. ಎರಡು ಸಾವಿರ ವರ್ಷದಿಂದ ನಮ್ಮ ಆರ್ಲ್ ಊರಿನ ಹೆಂಗಸರು ರೋಮನ್ನರು ಕಟ್ಟಿದ ಈ ಅಖಾಡದ ಮೆಟ್ಟಿಲ ಮೇಲೆ ಕೂತು ಕಾಯ್ತಾನೇ ಇದ್ದಾರೆ... ಸಾಕಾಗಿಲ್ಲ ನಮಗೆ. ಆ ಪ್ರವಾಸಿಗಳಿಗೇನು, ಕಮಾನುಗಳ ಫೋಟೊ ತೆಗೀತಾರೆ. ಅವರ ಗಂಡಂದಿರು ಪಕ್ಕದಲ್ಲೇ ಐಸ್‌ಕ್ರೀಮ್ ತಿಂತಾ ಕೂತಿದ್ದಾರಲ್ಲ, ಎಲ್ಲಾ ಚೆಂದಾನೇ ಕಾಣುತ್ತೆ.

ಯಾಕೆ ನಗ್ತೀರಿ? ನಿಮ್ಮ ಮಗ ಮನಸ್ಸು ಬದಲಾಯಿಸಿರಬಾರದಾ? ಜೋರಿಸ್‌ಗೆ ಪಕ್ಕೆಲುಬು ಇನ್ನೂ ಕೂಡಿಲ್ಲ. ಬೆಳಿಗ್ಗೆ ಅಂಗಿ ತೊಡೋಕೂ ನಾನೇ ತೋಳು ಹಿಡೀಬೇಕಾಯ್ತು... ಹೂಂ, ಆಟದ ಬಿಳಿ ಅಂಗೀನೇ. ಗೆಳೆಯರ ಜೊತೆ ಸುಮ್ನೆ ನಿಂತಿರ್ತೀನಿ ಅಂದ. ಮೆರವಣಿಗೆಯಲ್ಲಿ ಬರಲಿಲ್ಲ ತಾನೆ? ಮತ್ತೆ?

ಪೋಸ್ಟರ್ ನೋಡಿದ್ರಾ? ಬೆಲುಗೊ ಹೆಸರು ಅಷ್ಟು ದಪ್ಪಕ್ಕೆ. ಅದರ ಕೊಂಬಿಗೆ ಕಟ್ಟಿದ ದಾರಾನ ಕೈಕೊಕ್ಕೆಯಿಂದ ಕೀಳೋಕೆ ಪ್ರಾಣ ಬಿಡೋ ಗಂಡಸರ ಹೆಸರು ಇರುವೆ ಸಾಲು. ಮಾವನವರನ್ನ ಇಲ್ಲಿ ತಿವಿದು ಕೊಂದ ಗೂಳಿಗೂ ಪ್ರತಿಮೆ ನಿಲ್ಲಿಸಿದ್ರಲ್ಲ. ನಿಮಗೇನು ಕೊಟ್ರು?

ಬೇಜಾರಾಯ್ತಾ? ಹೋಗ್ಲಿ ಬಿಡಿ. ದಣಿದಿದ್ದೀನಿ ಅತ್ತೆ... ಪ್ರತಿ ಭಾನುವಾರ ಇದೇ ಎದೆಬಡಿತ.

ಕಹಳೆ ಊದಿದ್ರು. ಬಂತು ನೋಡಿ ಬೆಲುಗೊ. ಹುಡುಗರು ಹಲಗೆ ಬೇಲಿ ಹಾರ್ತಿದ್ದಾರೆ. ಆ ಕೊನೆಯವನು... ಅವನು...

ಜೋರಿಸ್.

ಅವನ ಗೆಳೆಯ ಕ್ಲೋವಿಸ್ ಬರಿಗೈಲಿ ಬೇಲಿ ಹಿಂದೆ ನಿಂತಿದಾನೆ. ತನ್ನ ಕೊಕ್ಕೆ ಇವನಿಗೆ ಕೊಟ್ಟುಬಿಟ್ಟಿದಾನೆ. ಕ್ಲೋವಿಸ್‌ದು ರಾಕ್ಷಸನ ಅಂಗೈ ಅತ್ತೆ, ಆ ಅಳತೆಯ ಕೊಕ್ಕೆ ಜೋರಿಸ್ ಮುಷ್ಟಿಯಲ್ಲಿ ನಿಲ್ಲಲ್ಲ. ದಾರಕ್ಕೆ ಸಿಕ್ಕಿಸೋಕೆ ಇನ್ನೂ ಹತ್ತಿರ ಹೋಗ್ಬೇಕು, ಕೊಂಬಿನ ಹತ್ತಿರ...

ಏನು ಹಂಗೆ ನೋಡ್ತೀರಿ? ಅವನ ಕೈಲಿರೋದು ಅವನದಲ್ಲ ಅಂತ ನಂಗೆ ಹೆಂಗೆ ಗೊತ್ತು ಅಂತಾನಾ?



...ಅವನ ಕೊಕ್ಕೆ ನನ್ನ ಪರ್ಸಿನಲ್ಲಿದೆ. ಅಂಗಿ ತೊಡಿಸುವಾಗಲೇ ಎತ್ತಿಟ್ಟೆ. ಕೊಕ್ಕೆ ಸಿಗದಿದ್ರೆ ಇಳಿಯಲ್ಲ ಅಂದ್ಕೊಂಡೆ. ಬೇರೆಯವರದು ಇಸ್ಕೊಳ್ತಾನೆ ಅಂತ ತಲೆಗೆ ಹೊಳೀಲೇ ಇಲ್ಲ. ಯಾರಿಗೆ ಹೊಳೀತಿತ್ತು, ಹೇಳಿ? ಬೈಯಿರಿ ನನ್ನ.

ಕೈ ಯಾಕೆ ಹಿಡ್ಕೊಂಡ್ರಿ? ಇನ್ನೊಂದು ಕೈ ಯಾಕೆ ನನ್ನ ಪರ್ಸಿನ ಮೇಲಿಡ್ತೀರಿ?

ಅತ್ತೆ... ನೀವೂನಾ? ಅವತ್ತು ಮಾವನವರ ಕೊಕ್ಕೆ... ನೀವೂ ಎತ್ತಿಟ್ಟಿದ್ರಾ?